37ನೇ ವಯಸ್ಸಿಗೆ ಮೊದಲ ಸಲ ವೇದಿಕೆ ಹತ್ತಿದ ಫಿಲ್ಲಿಸ್ ಡಿಲ್ಲರ್: ತನ್ನ ಮುಖವನ್ನೇ ಹಂಗಿಸಿಕೊಂಡು ನಗಿಸಿದ್ದು ಸರಿಯಾ?

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ತಲೆ ಕೊರೀತಿರೋ ವಿಷಯ ಒಂದಿದೆ. ಉದ್ದ ಆಗತ್ತೆ, ತಾಳ್ಮೆಯಿಂದ ಓದಿ.

ನಾನು ಹಾಸನದ ಕಡೆಯವಳು. ಈಗ ಇರೋದು ಅಮೆರಿಕದ ಒಹಾಯೋದಲ್ಲಿ, ಕೊಲಂಬಸ್ ಊರಲ್ಲಿ. ವಯಸ್ಸು 38, ಇಬ್ಬರು ಮಕ್ಕಳು. ಮೂರ್ನಾಲ್ಕು ವರ್ಷದಿಂದ ಇಲ್ಲಿನ ಕನ್ನಡದವರ ಯುಗಾದಿ, ರಾಜ್ಯೋತ್ಸವಗಳಲ್ಲಿ ಹತ್ತು ಹತ್ತು ನಿಮಿಷ ಹಾಸ್ಯ ಮಾಡ್ತಾ ಬಂದಿದ್ದೀನಿ. ಜನ ನಗ್ತಾರೆ, ಚೆನ್ನಾಗೇ ನಗ್ತಾರೆ. ಈ ಸಲ ಧೈರ್ಯ ಮಾಡಿ ಅರ್ಧ ಗಂಟೆ ಕೇಳಿದೆ. ಆಯೋಜಕರೊಬ್ಬರು "ಹಾಸ್ಯಕ್ಕೆ ಊರಿಂದ ಒಬ್ಬರು ಬರ್ತಿದ್ದಾರೆ, ನೀವು ನಿರೂಪಣೆ ಮಾಡಿಬಿಡಿ, ಸೀರೆ ಲಕ್ಷಣವಾಗಿ ಉಡ್ತೀರಿ" ಅಂದ್ರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅಂತ ಗೊತ್ತು. ಆದ್ರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಆಗಲೇ ಅಮೆರಿಕದ ಹಾಸ್ಯಗಾರ್ತಿ ಫಿಲ್ಲಿಸ್ ಡಿಲ್ಲರ್ ಬಗ್ಗೆ ಓದೋಕೆ ಶುರು ಮಾಡಿದ್ದು. ಆಕೆ ಹುಟ್ಟಿದ್ದು 1917ರಲ್ಲಿ, ಇದೇ ಒಹಾಯೋದ ಲೈಮಾ ಊರಲ್ಲಿ. ನಮ್ಮ ಮನೆಯಿಂದ ಕಾರಲ್ಲಿ ಒಂದೂವರೆ ತಾಸಿನ ದಾರಿ. ಚಿಕ್ಕಂದಿನಲ್ಲಿ ಕಲಿತದ್ದು ಪಿಯಾನೋ. ಮದುವೆ, ಐದು ಮಕ್ಕಳು, ಕ್ಯಾಲಿಫೋರ್ನಿಯಾದಲ್ಲಿ ಸಂಸಾರ, ದುಡ್ಡಿಗೆ ಸದಾ ತತ್ವಾರ. ರೇಡಿಯೋ ಕೇಂದ್ರದಲ್ಲಿ ಜಾಹೀರಾತು ಬರೆಯೋ ಕೆಲಸ ಮಾಡ್ತಿದ್ದರು. 1955ರ ಮಾರ್ಚ್ 7ಕ್ಕೆ, 37ನೇ ವಯಸ್ಸಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ 'ಪರ್ಪಲ್ ಆನಿಯನ್' ಅನ್ನೋ ನೆಲಮಾಳಿಗೆ ಕ್ಲಬ್ಬಲ್ಲಿ ಮೊದಲ ಪ್ರದರ್ಶನ. ಕರೆದದ್ದು ಎರಡು ವಾರಕ್ಕೆ. ಎಂಬತ್ತಕ್ಕೂ ಹೆಚ್ಚು ವಾರ ಅಲ್ಲೇ ನಡೆಸಿದರು!

ಇಷ್ಟು ಓದಿದಾಗ ಕಣ್ಣಲ್ಲಿ ನೀರು ಬಂತು. ಆಮೇಲೆ ಅವರ ಜೋಕುಗಳಿಗೆ ಬಂದೆ. ಮುಕ್ಕಾಲು ಪಾಲು ತನ್ನ ಮುಖ ಕೆಟ್ಟದ್ದು, ತನ್ನ ಅಡುಗೆ ಕೆಟ್ಟದ್ದು, ತನ್ನ ಮನೆ ಕಸದ ತೊಟ್ಟಿ, ಗಂಡ ಕೆಲಸಕ್ಕೆ ಬಾರದವನು ಅನ್ನೋದೇ. ಕೆದರಿದ ಕೂದಲು, ಗೋಣಿಚೀಲದ ಥರದ ಅಂಗಿ. ಅಷ್ಟೊಂದು ಕಷ್ಟಪಟ್ಟು ವೇದಿಕೆ ಗಿಟ್ಟಿಸಿಕೊಂಡು, ಅಲ್ಲಿ ನಿಂತು ತನ್ನನ್ನೇ ಹಂಗಿಸಿಕೊಳ್ಳೋದಾ? ನಾನೂ ಹಾಗೇ ಮಾಡಬೇಕಾ? ನಿಮಗೇನನ್ನಿಸತ್ತೆ, ಮುಚ್ಚುಮರೆ ಇಲ್ಲದೆ ಹೇಳಿ.

ಜಯನಗರ_4ನೇ_ಬ್ಲಾಕ್

ಅಕ್ಕ, ಮೊದಲು ಆ ಅರ್ಧ ಗಂಟೆ ಬಿಡಬೇಡಿ. ಬೆಂಗಳೂರಲ್ಲಿ ನಾನು ಓಪನ್ ಮೈಕ್ ಮಾಡ್ತೀನಿ. ಹದಿನೈದು ಜನ ಹೆಸರು ಕೊಟ್ಟಿದ್ರೆ ಹೆಣ್ಣುಮಕ್ಕಳು ಇಬ್ಬರು ಇದ್ರೆ ಹೆಚ್ಚು. ಅವರು ಮೈಕ್ ಹತ್ರ ಬಂದ ತಕ್ಷಣ ಜನ ಕೈ ಕಟ್ಕೊಂಡು ಕೂರ್ತಾರೆ, ಕಣ್ಣಾರೆ ನೋಡಿದ್ದೀನಿ.

ಡಿಲ್ಲರ್ ವಿಷಯಕ್ಕೆ ಬಂದ್ರೆ, ಇವತ್ತಿನ ಲೆಕ್ಕದಲ್ಲಿ ಆ ಜೋಕುಗಳು ಹಳಸಲು ಅನ್ನಿಸತ್ತೆ. 'ನನ್ನ ಮೋರೆ ನೋಡಿ' ಅನ್ನೋ ಹಾಸ್ಯ ಸಾಕಾಗಿದೆ.

ಮಲ್ಲಿಗೆಮೊಗ್ಗು

ನನಗೂ ಅದೇ ಅಭಿಪ್ರಾಯ. ನಮ್ಮ ಸಿನಿಮಾಗಳಲ್ಲಿ ದಪ್ಪಗಿರೋ ಹೆಂಗಸು, ಹಲ್ಲುಬ್ಬು ಹೆಂಗಸು ತೆರೆ ಮೇಲೆ ಬಂದ್ರೆ ಸಾಕು, ನಗಬೇಕು ಅಂತ ನಮಗೆ ಕಲಿಸಿಬಿಟ್ಟಿದ್ದಾರೆ. ಅದನ್ನೇ ಒಬ್ಬ ಹೆಂಗಸು ತಾನಾಗಿ ಮಾಡಿದ್ರೆ ಬಿಡುಗಡೆ ಹೇಗಾಗತ್ತೆ? ಗಂಡಸರು ಬೈಯೋ ಮೊದಲು ನಾನೇ ಬೈಕೋತೀನಿ ಅನ್ನೋದು ಬದುಕುಳಿಯೋ ಉಪಾಯ ಇರಬಹುದು. ಗೆಲುವು ಅಂತ ನಾನು ಕರೆಯಲ್ಲ.

ಹಳೇ_ರೇಡಿಯೋ

ಮಲ್ಲಿಗೆಮೊಗ್ಗು ಅವರೇ, ಸ್ವಲ್ಪ ನಿಧಾನಿಸಿ. ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ. ಆಕೆ ನೋಡಲು ಕುರೂಪಿಯಾಗಿರಲಿಲ್ಲ. ಮೈಕಟ್ಟು ಚೆನ್ನಾಗಿತ್ತು. ಚೆನ್ನಾಗಿರುವುದು ಕಂಡರೆ ಜನ ನಗುವುದಿಲ್ಲ ಎಂದು ಬೇಕೆಂದೇ ಡೇರೆಯಂಥ ಅಂಗಿ ತೊಟ್ಟು ಮೈ ಮುಚ್ಚಿಕೊಂಡರು. ಕೈಯಲ್ಲಿ ಉದ್ದನೆಯ ಸಿಗರೇಟು ಕೊಳವೆ ಇರುತ್ತಿತ್ತಲ್ಲ, ಅದೂ ಸುಳ್ಳು. ಆಕೆ ಸಿಗರೇಟು ಸೇದುತ್ತಲೇ ಇರಲಿಲ್ಲ. ಜೋಕುಗಳಲ್ಲಿ ಬರುವ ಫ್ಯಾಂಗ್ ಎಂಬ ಗಂಡನೂ ಸುಳ್ಳು. ಅಂದರೆ ಆಕೆ ಹಂಗಿಸಿದ್ದು ತನ್ನನ್ನಲ್ಲ, ತಾನು ಕಟ್ಟಿದ ಒಂದು ಪಾತ್ರವನ್ನು. ಯಕ್ಷಗಾನದ ಹಾಸ್ಯಗಾರ ವೇಷ ಕಟ್ಟಿ ಬಂದಾಗ ಅವನೇ ಪೆದ್ದನೆಂದು ಯಾರಾದರೂ ತಿಳಿಯುತ್ತಾರೆಯೇ?

ನಾನು ಮೂವತ್ತು ವರ್ಷ ಬಾನುಲಿಯಲ್ಲಿ ಇದ್ದವನು. ಪಾತ್ರ ಬೇರೆ, ಪಾತ್ರಧಾರಿ ಬೇರೆ ಎಂಬುದನ್ನು ಮರೆತಾಗಲೇ ಹಾಸ್ಯದ ಬಗ್ಗೆ ತಪ್ಪು ತೀರ್ಮಾನಗಳು ಹುಟ್ಟುವುದು.

ಮಲ್ಲಿಗೆಮೊಗ್ಗು

ಸರ್, ಹಾಗಾದ್ರೆ ಇನ್ನೂ ಕೆಟ್ಟದ್ದಾಯ್ತು. ಚೆನ್ನಾಗಿರೋ ಹೆಂಗಸು ತಾನು ಕುರೂಪಿ ಅಂತ ನಟಿಸಿದ್ರೆ ಮಾತ್ರ ನಗ್ತೀವಿ ಅಂದ ಜನ ಎಂಥವರು?

ಹಳೇ_ರೇಡಿಯೋ

ಜನರ ಬಗ್ಗೆ ನಿಮ್ಮ ಸಿಟ್ಟನ್ನು ಒಪ್ಪುತ್ತೇನೆ. ಆಕೆಯ ಮೇಲೆ ಬೇಡ.

ಕಡಲಬದಿ

ಒಂದು ವಿಷಯ ಹೇಳ್ತೇನೆ ಮಾರಾಯ್ರೆ. ಒಂಟಿಯಾಗಿ ವೇದಿಕೆಯಲ್ಲಿ ನಿಂತು ನಗಿಸಿದ ಹೆಂಗಸರಲ್ಲಿ ಡಿಲ್ಲರ್ 'ಮೊದಲಿಗಳು' ಅಂತ ಜನ ಹೇಳುವುದುಂಟು. ಅದು ಸರಿಯಲ್ಲ. ಅವರಿಗಿಂತ ಬಹಳ ಮೊದಲು ಮಾಮ್ಸ್ ಮೇಬ್ಲಿ ಇದ್ದರು. ನಾರ್ತ್ ಕೆರೊಲಿನಾದ ಬ್ರೆವಾರ್ಡ್ ಊರಿನ ಕಪ್ಪು ಹೆಂಗಸು. ಹುಟ್ಟು ಹೆಸರು ಲೊರೆಟ್ಟಾ ಮೇರಿ ಐಕೆನ್. ಕಪ್ಪು ಜನರಿಗೆ ಅಂತಲೇ ಇದ್ದ ರಂಗಮಂದಿರಗಳಲ್ಲಿ ಊರೂರು ತಿರುಗಿ, ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಅಪೋಲೋ ಥಿಯೇಟರಿನ ವೇದಿಕೆಯಲ್ಲಿ ವರ್ಷಗಟ್ಟಲೆ ನಗಿಸಿದವರು. ಬಿಳಿಯರ ಕಣ್ಣಿಗೆ ಬಿದ್ದದ್ದು ಮಾತ್ರ ಮುದುಕಿ ಆದ ಮೇಲೆ. ನ್ಯೂಯಾರ್ಕಿನ ಹೆಸರಾಂತ ಸಭಾಂಗಣ ಕಾರ್ನೆಗಿ ಹಾಲಿನಲ್ಲಿ ಪ್ರದರ್ಶನ ಕೊಟ್ಟದ್ದು 1962ರಲ್ಲಿ.

ಅವರ ವೇಷವೂ ನೋಡಿ. ಮಾಸಿದ ಮನೆಯಂಗಿ, ಜೋತುಬಿದ್ದ ಟೊಪ್ಪಿ, ಹಲ್ಲಿಲ್ಲದ ಬಾಯಿ. ಪ್ರಾಯದಲ್ಲಿರುವಾಗಲೇ ಅಜ್ಜಿಯ ವೇಷ ಹಾಕಿದರು. ಯಾಕೆ ಗೊತ್ತುಂಟಾ? ಅಜ್ಜಿ ಏನು ಹೇಳಿದರೂ ನಡೆಯುತ್ತದೆ. ಗಂಡಸರ ಬಗ್ಗೆ, ಬಿಳಿಯರ ದಬ್ಬಾಳಿಕೆ ಬಗ್ಗೆ, ಮಲಗುವ ಕೋಣೆಯ ಬಗ್ಗೆ ಕೂಡ. ನಮ್ಮಲ್ಲಿ ಮದುವೆಮನೆಯಲ್ಲಿ ಅಜ್ಜಿಯಂದಿರು ಆಡುವ ಮಾತನ್ನು ಸೊಸೆ ಆಡಿದರೆ ಏನಾಗ್ತದೆ ಹೇಳಿ?

ಸಕ್ಕರೆನಾಡು

ನಮ್ಮಜ್ಜಿ ಸೋಬಾನೆ ಹಾಡ್ತಾ ಬೀಗರನ್ನ ಹಂಗಿಸೋದು ಕೇಳಿದ್ರೆ ಯಾವ ಸ್ಟ್ಯಾಂಡಪ್ಪೂ ಬೇಡ ಕಣ್ರೀ. ಗಂಡಿನ ಕಡೆಯವರು ಬಾಯ್ ಬಿಡಂಗಿಲ್ಲ, ಕೂತು ಕೇಳ್ಬೇಕು.

ಕಾರ್ಡು_ಪೆನ್ನು

ಕಡಲಬದಿ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಇನ್ನೊಂದು ಹೆಸರು ಸೇರಿಸ್ತೀನಿ: ಜೀನ್ ಕ್ಯಾರಲ್. ಹುಟ್ಟಿದ್ದು 1911ರಲ್ಲಿ ಪ್ಯಾರಿಸ್ಸಲ್ಲಿ, ಬೆಳೆದದ್ದು ನ್ಯೂಯಾರ್ಕಲ್ಲಿ, ಯಹೂದಿ ಕುಟುಂಬ. ಮೊದಲು ಗಂಡನ ಜೊತೆ ಜೋಡಿಯಾಗಿ ಮಾಡ್ತಿದ್ದವರು ಆಮೇಲೆ ಒಂಟಿಯಾಗಿ ಮೈಕ್ ಮುಂದೆ ನಿಂತರು. ಎಡ್ ಸಲಿವನ್ ಅವರ ಟಿವಿ ಕಾರ್ಯಕ್ರಮಕ್ಕೆ ಇಪ್ಪತ್ತಕ್ಕೂ ಹೆಚ್ಚು ಸಲ ಬಂದಿದ್ದಾರೆ. ಹೇಮಾವತಿ ಅವರ ಪ್ರಶ್ನೆಗೆ ನೇರ ಸಂಬಂಧ ಇರೋದು ಇಲ್ಲಿ: ಆಕೆ ಒಳ್ಳೇ ಗೌನು, ಆಭರಣ ಹಾಕ್ಕೊಂಡು, ತಲೆ ಬಾಚ್ಕೊಂಡು, ಸುಂದರಿಯಾಗೇ ಬಂದು ನಗಿಸ್ತಿದ್ದರು. ಅಂದ್ರೆ ಕುರೂಪಿಯ ವೇಷ ಕಡ್ಡಾಯ ಆಗಿರಲಿಲ್ಲ.

ಆದ್ರೆ ಕ್ಯಾರಲ್ 1960ರ ದಶಕದಲ್ಲಿ ಸಂಸಾರಕ್ಕೆ ಅಂತ ಹಿಂದೆ ಸರಿದರು. ಡಿಲ್ಲರ್ ಸರಿಯಲಿಲ್ಲ. ಹೆಚ್ಚುಕಡಿಮೆ ಐವತ್ತು ವರ್ಷ, ಅವರದೇ ಹೆಸರಲ್ಲಿ ಟಿಕೆಟ್ ಮಾರಾಟ ಆಗೋ ಹಾಗೆ ದೇಶ ಪೂರ್ತಿ ತಿರುಗಿದರು. 'ಮೊದಲಿಗಳು' ಅನ್ನೋ ಪಟ್ಟ ಅವರಿಗೆ ಬೇಡ. 'ಇದನ್ನು ಹೆಂಗಸು ಪೂರ್ಣಾವಧಿ ಕಸುಬಾಗಿ ಮಾಡಬಹುದು' ಅಂತ ತೋರಿಸಿಕೊಟ್ಟವರು ಅನ್ನೋದು ಸರಿಯಾದ ಮಾತು.

ಹೇಮಾವತಿ_ದಂಡೆ

ಜೀನ್ ಕ್ಯಾರಲ್ ಹೆಸರು ಇವತ್ತೇ ಮೊದಲ ಸಲ ಕೇಳ್ತಿರೋದು. ತುಂಬಾ ಥ್ಯಾಂಕ್ಸ್. ಕಡಲಬದಿ ಅವರ ಅಜ್ಜಿ ಮಾತು ನಾಟಿತು.

ಧಾರವಾಡ_ಫೇಡೆ

ಅಕ್ಕಾರ, ನಾ ಒಂದ್ ಮಾತ್ ಹೇಳ್ತೀನ್ರಿ. ನೀವು ಆಕಿ ಜೋಕ್ ಏನದ ಅಂತ ನೋಡಾಕತ್ತೀರಿ, ಹೆಂಗ ಕಟ್ಟ್ಯಾಳ ಅಂತ ನೋಡ್ರಿ. ಒಂದ ನಿಮಿಷದಾಗ 12 ಸಲ ಜನಾನ್ನ ನಗಿಸಿದ ಲೆಕ್ಕಕ್ಕ ಗಿನ್ನೆಸ್ ಪುಸ್ತಕದಾಗ ಹೆಸರು ಬಂದಿತ್ತು. ಹನ್ನೆರಡು! ಅಂದ್ರ ಐದ್ ಸೆಕೆಂಡಿಗೆ ಒಂದು. ನಮ್ಮ ಕಡೆ ಹಾಸ್ಯ ಭಾಷಣದಾಗ ಒಂದ್ ಕತಿ ಶುರು ಮಾಡಿ, ಅವ ಬಂದ, ಇವ ಹ್ವಾದ, ಚಾ ಕುಡದ್ರು ಅಂತ ನಾಕ್ ನಿಮಿಷ ಎಳದು ಕಡೀಕ ಒಂದ್ ನಗಿ. ಅದೂ ಒಂದು ಕಲಾನ ಬಿಡ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಇದು ಬ್ಯಾರೆ ವಿದ್ಯಾ.

ಜಯನಗರ_4ನೇ_ಬ್ಲಾಕ್

ಹೌದು ಗುರು, ಇದು ಸೂಪರ್ ಪಾಯಿಂಟ್. ಇಂಗ್ಲಿಷ್ ಕಾಮಿಡಿಯವರು ಒಂದು ಮಾತು ಹೇಳ್ತಾರೆ: ಪಂಚ್ ಪದ, ಅಂದ್ರೆ ನಗು ತರಿಸೋ ಪದ, ವಾಕ್ಯದ ಕಟ್ಟಕಡೆಗೆ ಬರ್ಬೇಕು, ಕ್, ಟ್ ಥರ ಗಟ್ಟಿ ವ್ಯಂಜನದಲ್ಲಿ ಮುಗಿದ್ರೆ ಇನ್ನೂ ಚೆಂದ. ಕನ್ನಡದಲ್ಲಿ ಎಲ್ಲಿ ಹೋಗೋದು? ನಮ್ಮ ಪದ ಎಲ್ಲಾ ಸ್ವರದಲ್ಲೇ ಮುಗಿಯತ್ತೆ. ಮೇಲೆ ಕ್ರಿಯಾಪದ ಕೊನೆಗೆ. ಪಂಚ್ ಹೇಳಿ ಆದ್ಮೇಲೂ 'ಅಂತ ಅಂದ್ರು' ಬಾಲ ಉಳ್ಕೊಂಡಿರತ್ತೆ. ಜನ ನಗೋ ಹೊತ್ತಿಗೆ ನಾವಿನ್ನೂ ವಾಕ್ಯ ಮುಗಿಸ್ತಿರ್ತೀವಿ.

ಹಳೇ_ರೇಡಿಯೋ

ಅದಕ್ಕೆ ನಮ್ಮ ಹಿರಿಯರು ದಾರಿ ಕಂಡುಕೊಂಡಿದ್ದಾರೆ. 'ಅಂದ' ಎಂಬುದನ್ನು ಮೊದಲೇ ಹೇಳಿ ಮುಗಿಸಬೇಕು. "ಅವನು ಅಂದ," ಒಂದು ಉಸಿರು ನಿಲ್ಲಿಸಿ, ಆಮೇಲೆ ಮಾತು. ಮತ್ತೆ ಬಾಯಿ ತೆರೆಯಬಾರದು. ಬಾನುಲಿ ನಾಟಕದಲ್ಲಿ ನಾವು ಸ್ಕ್ರಿಪ್ಟಿನ ಎಷ್ಟೋ 'ಅಂತ ಹೇಳಿದ'ಗಳನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದೇವೆ.

ಧಾರವಾಡ_ಫೇಡೆ

ಮತ್ತ ಮಾತಿನಾಗ ಕಡೀ ಸ್ವರ ನುಂಗೇ ನುಂಗತೀವಲ್ರಿ. 'ಹೋಗಿಬಿಟ್ಟ' ಅನ್ನೂದಿಲ್ಲ, 'ಹೋಗ್ಬಿಟ್' ಅಂತೀವಿ. ಅಲ್ಲೇ ಸಿಕ್ತು ನೋಡ್ರಿ ನಿಮ್ಮ ಟ್.

ಜಯನಗರ_4ನೇ_ಬ್ಲಾಕ್

ಇದನ್ನ ಬರೆದಿಟ್ಕೊಂಡೆ. ನಿಜವಾಗ್ಲೂ.

ಅರ್ಧಕಪ್ಪು_ಕಾಫಿ

ಇಷ್ಟೆಲ್ಲ ಹೊಗಳ್ತಿದ್ದೀರಲ್ಲ, ಆಕೆ ಜೋಕ್ ಎಲ್ಲಾ ಆಕೆಯೇ ಬರೆದದ್ದಲ್ಲ. ಬೇರೆಯವರ ಹತ್ರ ದುಡ್ಡು ಕೊಟ್ಟು ತಗೋತಿದ್ದರು. ಅದು ಹೇಗೆ ಪ್ರತಿಭೆ ಆಗತ್ತೆ?

ಕಾರ್ಡು_ಪೆನ್ನು

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡೋಳು, ಹಳೇ ದಾಖಲೆಗಳ ವಿಭಾಗ. ಡಿಲ್ಲರ್ ಬಗ್ಗೆ ನನಗೆ ಇಷ್ಟು ಪ್ರೀತಿ ಬಂದದ್ದೇ ಅವರ ಜೋಕಿನ ಕಪಾಟಿನಿಂದ. ಅದರ ಬಗ್ಗೆ ಹೇಳಲೇಬೇಕು.

ಉಕ್ಕಿನ ಕಪಾಟು. 48 ಸೆಳೆಖಾನೆ, ತುಂಬಿದ ಮೇಲೆ ಇನ್ನೂ ಮೂರು ಸೇರಿಸಿದ್ದು. ಒಳಗೆ 3 ಇಂಚು ಅಗಲ, 5 ಇಂಚು ಉದ್ದದ ಕಾರ್ಡುಗಳು, 50,000ಕ್ಕೂ ಮೇಲೆ. ಒಂದೊಂದು ಕಾರ್ಡಿನ ಮೇಲೂ ಬೆರಳಚ್ಚಿನಲ್ಲಿ ಜೋಕು. ವಿಷಯದ ಪ್ರಕಾರ ಅಕಾರಾದಿಯಾಗಿ ಜೋಡಣೆ. 2003ರಲ್ಲಿ ಅದನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಮ್ಯೂಸಿಯಮ್ಮಿಗೆ ಕೊಟ್ಟರು. 2017ರಲ್ಲಿ ಮ್ಯೂಸಿಯಮ್ಮಿನವರು ಕಾರ್ಡುಗಳ ಚಿತ್ರ ಅಂತರ್ಜಾಲಕ್ಕೆ ಹಾಕಿ, ಸ್ವಯಂಸೇವಕರಿಂದ ಎಲ್ಲವನ್ನೂ ಅಕ್ಷರಕ್ಕೆ ಇಳಿಸಿದರು.

ಈಗ ಅರ್ಧಕಪ್ಪು ಅವರ ಪ್ರಶ್ನೆ. ಹೌದು, ಕೊಂಡುಕೊಳ್ತಿದ್ದರು, ಬಚ್ಚಿಟ್ಟಿರಲಿಲ್ಲ. ಕೊಟ್ಟವರ ಹೆಸರು ಎಷ್ಟೋ ಕಾರ್ಡಿನ ಮೇಲೆ ಹಾಗೇ ಇದೆ. ಅದರಲ್ಲಿ ಮನೆಯಲ್ಲೇ ಇದ್ದು ಮಕ್ಕಳು ಮರಿ ನೋಡ್ಕೊಳ್ತಾ ಅಂಚೆಯಲ್ಲಿ ಜೋಕು ಕಳಿಸಿದ ಗೃಹಿಣಿಯರೂ ಇದ್ದರು. ಇನ್ನೂ ಹೆಸರು ಮಾಡದಿದ್ದ ದಿನಗಳಲ್ಲಿ ಹಾಸ್ಯಗಾರ್ತಿ ಜೋನ್ ರಿವರ್ಸ್ ಕೂಡ ಡಿಲ್ಲರ್‌ಗೆ ಜೋಕು ಬರೆದುಕೊಟ್ಟಿದ್ದಾರೆ. ಆ ಕಾಲದ ಗಂಡು ಹಾಸ್ಯಗಾರರಿಗೆ ಬರಹಗಾರರ ದಂಡೇ ಇರ್ತಿತ್ತು. ಬಾಬ್ ಹೋಪ್‌ನನ್ನು ಇದೇ ಪ್ರಶ್ನೆ ಯಾರೂ ಕೇಳಲ್ಲ. ವೇದಿಕೆಯ ಮೇಲೆ ಅಡುಗೆಮನೆ ಮಾತಿಗೆ ಬೆಲೆ ಕಟ್ಟಿ, ಆ ದುಡ್ಡನ್ನು ಮತ್ತೊಬ್ಬಳ ಅಡುಗೆಮನೆಗೆ ಕಳಿಸಿದ ಹೆಂಗಸು ಆಕೆ.

ಅರ್ಧಕಪ್ಪು_ಕಾಫಿ

ಗೃಹಿಣಿಯರ ಸಂಗತಿ ಗೊತ್ತಿರಲಿಲ್ಲ. ನನ್ನ ಮಾತು ವಾಪಸ್ ತಗೋತೀನಿ.

ಕಡಲಬದಿ

ಬಾಬ್ ಹೋಪ್ ಹೆಸರು ಬಂತಲ್ಲ, ಅದರದೊಂದು ಕಥೆ ಉಂಟು. ಡಿಲ್ಲರ್ ವಾಷಿಂಗ್ಟನ್ನಿನ ಒಂದು ಕ್ಲಬ್ಬಿನಲ್ಲಿ ಪ್ರದರ್ಶನ ಕೊಟ್ಟು ಪೂರಾ ಸೋತ ರಾತ್ರಿ. ಒಬ್ಬರೂ ನಗಲಿಲ್ಲ. ನೋಡಿದರೆ ಸಭೆಯಲ್ಲಿ ಬಾಬ್ ಹೋಪ್ ಕೂತಿದ್ದರು. ನಾಚಿಕೆಯಿಂದ ಯಾರ ಕಣ್ಣಿಗೂ ಬೀಳದೆ ಓಡಲಿಕ್ಕೆ ನೋಡಿದರು. ಹೋಪ್ ಅವರೇ ಹಿಡಿದು ನಿಲ್ಲಿಸಿ ಚೆನ್ನಾಗಿ ಮಾಡ್ತೀಯ ಅಂತ ಹೇಳಿದರಂತೆ. ಆಮೇಲೆ ಇಬ್ಬರೂ ಮೂರು ಸಿನಿಮಾ, 23 ಟಿವಿ ಕಾರ್ಯಕ್ರಮ ಒಟ್ಟಿಗೆ ಮಾಡಿದರು. 1966ರಲ್ಲಿ ಸೈನಿಕರಿಗೆ ಹಾಸ್ಯ ಮಾಡಲಿಕ್ಕೆ ವಿಯೆಟ್ನಾಮಿಗೂ ಹೋದರು.

ಹೇಮಾವತಿ ಅಕ್ಕ, ನಿಮಗೂ ಯಾರಾದರೂ ಒಬ್ಬರು ಸಿಗ್ತಾರೆ. ಅಲ್ಲಿವರೆಗೆ ನಿರೂಪಣೆ ಮಾಡ್ತೇನೆ ಅಂತ ಮಾತ್ರ ಒಪ್ಪಬೇಡಿ.

ಸಕ್ಕರೆನಾಡು

ಗಂಡ ಫ್ಯಾಂಗ್ ಅಂತ ಅಷ್ಟು ಉಗೀತಿದ್ರಲ್ಲ, ನಿಜವಾದ ಗಂಡ ಏನಂತಿದ್ದ?

ಕಾರ್ಡು_ಪೆನ್ನು

ಅದೇ ಸ್ವಾರಸ್ಯ. ನಿಜವಾದ ಗಂಡ ಶೆರ್ವುಡ್ ಡಿಲ್ಲರ್. ನೀನು ವೇದಿಕೆ ಹತ್ತಲೇಬೇಕು ಅಂತ ಹಟ ಹಿಡಿದು, ಬೆನ್ನು ಬಿಡದೆ ಹೇಳ್ತಾ ಇದ್ದವನು ಅವನೇ. 1965ರಲ್ಲಿ ವಿಚ್ಛೇದನ ಆಯ್ತು. ಫ್ಯಾಂಗ್ ಮಾತ್ರ ಕೊನೇ ತನಕ ಜೋಕುಗಳಲ್ಲಿ ಉಳಿದ.

ಮಲ್ಲಿಗೆಮೊಗ್ಗು

ಗಂಡನನ್ನ ಬೈದ ಬಗ್ಗೆ ನನಗೆ ಒಂಚೂರೂ ತಕರಾರಿಲ್ಲ! ಸಾವಿರ ಸಭೆಗಳಲ್ಲಿ ಗಂಡಸರು 'ನನ್ನ ಹೆಂಡತಿ' ಅಂತ ಶುರು ಮಾಡಿದ್ದನ್ನ ಕೇಳಿಲ್ವಾ ನಾವು? ತಕರಾರು ಇರೋದು ಮುಖದ್ದು. ಆಕೆ ಎಷ್ಟೋ ಸಲ ಪ್ಲಾಸ್ಟಿಕ್ ಸರ್ಜರಿ ಮಾಡಿಸ್ಕೊಂಡರಲ್ಲ, ಅದೂ ಇದರ ಮುಂದುವರಿಕೆಯೇ ಅನ್ಸತ್ತೆ. ವರ್ಷಗಟ್ಟಲೆ ನಾನು ಕುರೂಪಿ ಅಂತ ಹೇಳ್ತಾ ಹೇಳ್ತಾ ಮನಸ್ಸು ಅದನ್ನೇ ನಂಬಿರಬೇಕು.

ಕಾರ್ಡು_ಪೆನ್ನು

ಮನಸ್ಸಿನ ಒಳಗೆ ಏನಿತ್ತೋ ನಾವು ಹೇಳೋದು ತಪ್ಪಾಗತ್ತೆ. ಗೊತ್ತಿರೋದು ಇಷ್ಟು: 1970ರ ದಶಕದಲ್ಲಿ ಸಿನಿಮಾದವರೆಲ್ಲ ಗುಟ್ಟಾಗಿ ಮಾಡಿಸ್ಕೊಂಡು ಇಲ್ಲ ಅಂತಿದ್ದಾಗ, ಆಕೆ ಮಾಡಿಸಿಕೊಂಡಿದ್ದೀನಿ ಅಂತ ಎಲ್ಲರೆದುರು ಹೇಳಿದರು. ಅದನ್ನೇ ಹೊಸ ಜೋಕು ಮಾಡಿದರು. ಬಚ್ಚಿಡೋದಕ್ಕೆ ಅವರ ಹತ್ರ ಏನೂ ಇರಲಿಲ್ಲ.

ಮಲ್ಲಿಗೆಮೊಗ್ಗು

ಮುಚ್ಚಿಡಲಿಲ್ಲ ಅನ್ನೋದಕ್ಕೆ ಗೌರವ ಇದೆ. ಆದ್ರೂ ನನ್ನ ಹದಿನಾಲ್ಕು ವರ್ಷದ ಮಗಳು ವೇದಿಕೆ ಮೇಲೆ ನಿಂತು 'ನಾನು ಕಪ್ಪು, ನಾನು ಕುಳ್ಳಿ' ಅಂತ ಜನರನ್ನ ನಗಿಸೋದು ನನಗೆ ಬೇಡ. ಶಾಲೆಯಲ್ಲಿ ಈಗಾಗಲೇ ಬೇರೆಯವರು ಅದನ್ನ ಹೇಳಿ ಆಗಿದೆ.

ಹಳೇ_ರೇಡಿಯೋ

ತಾಯೀ, ಆ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ನೀವು ಹೇಳುವುದು ಸರಿ.

ಧಾರವಾಡ_ಫೇಡೆ

ಮಗಳಿಗೆ ನಮ್ಮ ಆಶೀರ್ವಾದ ಹೇಳ್ರಿ ಅಕ್ಕಾರ.

ಜಯನಗರ_4ನೇ_ಬ್ಲಾಕ್

ಸ್ವಲ್ಪ ಬೇರೆ ಕಡೆ ಹೋಗೋಣ. ಡಿಲ್ಲರ್‌ದು ಒಂದು ಫೇಮಸ್ ಜೋಕ್ ಇದೆ: ಮಕ್ಕಳು ಇನ್ನೂ ಬೆಳೀತಿರುವಾಗ ಮನೆ ಚೊಕ್ಕಟ ಮಾಡೋದು, ಹಿಮ ಬೀಳ್ತಿರುವಾಗಲೇ ದಾರಿ ಗೋರಿದ ಹಾಗೆ. ಇದನ್ನ ಕನ್ನಡಕ್ಕೆ ಹೇಗೆ ತರ್ತೀರ? ಬೆಂಗಳೂರಲ್ಲಿ ಹಿಮ ಎಲ್ಲಿದೆ!

ಹೇಮಾವತಿ_ದಂಡೆ

ನಮ್ಮ ಕಡೆ ಆದ್ರೆ: ಆಶ್ಲೇಷ ಮಳೆ ಹುಯ್ತಿರುವಾಗ ಅಂಗಳ ಗುಡಿಸಿ ರಂಗೋಲಿ ಬಿಟ್ಟ ಹಾಗೆ.

ಕಡಲಬದಿ

ನಮ್ಮಲ್ಲಿ ಆಟಿ ತಿಂಗಳಲ್ಲಿ ಹಪ್ಪಳ ಒಣಗಿಸಿದ ಹಾಗೆ. ಅಂಗಳ ಗುಡಿಸಿದ್ದಕ್ಕಿಂತ ಇದು ಒಳ್ಳೇದು. ಹಪ್ಪಳ ಅಂದ ಕೂಡಲೇ ಜನ ನಗ್ತಾರೆ.

ಧಾರವಾಡ_ಫೇಡೆ

ಸುಗ್ಗಿಯಾಗ ಕಣದಾಗ ನಿಂತು ಧೋತರದ ಧೂಳಿ ಝಾಡಿಸಿದಂಗ!

ಸಕ್ಕರೆನಾಡು

ಆಲೆಮನೇಲಿ ನಿಂತ್ಕಂಡು ನೊಣ ಓಡಿಸ್ದಂಗೆ. ಮುಗೀತು, ಇದೇ ಗೆದ್ದದ್ದು.

ಹಳೇ_ರೇಡಿಯೋ

ಆಲೆಮನೆಗೇ ನನ್ನ ಮತ. ನೋಡಿ, 'ಓಡಿಸ್ದಂಗೆ' ಎಂದು ಕೂಡಲೇ ನಿಂತಿದೆ, ಬಾಲವಿಲ್ಲ.

ಇನ್ನೊಂದು ಮಾತು ಬಹಳ ಹೊತ್ತಿನಿಂದ ಮನಸ್ಸಿನಲ್ಲಿದೆ. ಡಿಲ್ಲರ್ ಹುಟ್ಟಿದ್ದು 1917ರಲ್ಲಿ. ಅದೇ ವರ್ಷ ನಮ್ಮಲ್ಲಿ ಹುಟ್ಟಿದವರು ಟಿ. ಸುನಂದಮ್ಮ. ಹಾಸ್ಯ ಬರಹಗಾರ ರಾಶಿಯವರು (ಎಂ. ಶಿವರಾಂ) 1942ರಲ್ಲಿ ಆರಂಭಿಸಿದ 'ಕೊರವಂಜಿ' ಹಾಸ್ಯ ಪತ್ರಿಕೆಯಲ್ಲಿ ಮನೆಯೊಳಗಿನ ವಿಷಯಗಳನ್ನೇ ಹಿಡಿದು ನಗೆಬರಹ ಬರೆದವರು. ಆಗ ಹಾಸ್ಯ ಬರೆಯುತ್ತಿದ್ದವರು ಹೆಚ್ಚುಕಡಿಮೆ ಎಲ್ಲ ಗಂಡಸರೇ. ಸುನಂದಮ್ಮನವರು ಮುಂದೆ ಕರ್ನಾಟಕ ಲೇಖಕಿಯರ ಸಂಘದ ಮೊದಲ ಅಧ್ಯಕ್ಷೆಯಾದರು. ಒಬ್ಬರು ನೆಲಮಾಳಿಗೆಯ ಕ್ಲಬ್ಬಿನಲ್ಲಿ ಬಾಯಿಂದ, ಇನ್ನೊಬ್ಬರು ಬೆಂಗಳೂರಿನ ಪತ್ರಿಕೆಯಲ್ಲಿ ಲೇಖನಿಯಿಂದ. ಇಬ್ಬರೂ ಕೈಗೆತ್ತಿಕೊಂಡದ್ದು ಗಂಡ, ಅಡುಗೆ, ನೆಂಟರು, ಮನೆಗೆಲಸ. ಸುನಂದಮ್ಮನವರಿಗೆ ಮಾತ್ರ ತಮ್ಮ ಮುಖವನ್ನು ಹಂಗಿಸಿಕೊಳ್ಳುವ ಪ್ರಮೇಯ ಬರಲಿಲ್ಲ. ಅಚ್ಚಿನಲ್ಲಿ ಮುಖ ಕಾಣುವುದಿಲ್ಲ. ಮೈಕ್ ಮುಂದೆ ನಿಂತ ಹೆಂಗಸಿಗೆ ಆ ಅನುಕೂಲ ಇಲ್ಲ, ಬಾಯಿ ತೆರೆಯುವ ಮೊದಲೇ ಜನ ನೋಡಿ ಅಳೆದುಬಿಟ್ಟಿರುತ್ತಾರೆ. ಡಿಲ್ಲರ್ ಆ ಅಳತೆಯನ್ನೇ ತನ್ನ ಕೈಗೆ ತೆಗೆದುಕೊಂಡರು ಎಂದು ನಾನು ತಿಳಿಯುತ್ತೇನೆ.

ಮಲ್ಲಿಗೆಮೊಗ್ಗು

ಅಚ್ಚಿನಲ್ಲಿ ಮುಖ ಕಾಣಲ್ಲ. ಇದನ್ನ ನಾನು ಯೋಚಿಸಿರಲಿಲ್ಲ ಸರ್.

ಅರ್ಧಕಪ್ಪು_ಕಾಫಿ

ಈಗ ನಮ್ಮಲ್ಲೂ ಮೈಕ್ ಮುಂದೆ ನಿಂತು ನಗಿಸೋ ಹೆಣ್ಣುಮಕ್ಕಳು ಇದ್ದಾರಲ್ಲ. ಸುಧಾ ಬರಗೂರು, ಇಂದುಮತಿ ಸಾಲಿಮಠ ಇವರ ಮಾತಿಗೆ ಊರ ಹಬ್ಬದಲ್ಲಿ ಜನ ಕಿಕ್ಕಿರಿದು ಕೂರ್ತಾರೆ. ಹೇಮಾವತಿ ಅವರೇ, ನಿಮ್ಮ ಆಯೋಜಕರಿಗೆ ಇವರ ವಿಡಿಯೋ ಕಳಿಸಿ.

ಹೇಮಾವತಿ_ದಂಡೆ

ಕಳಿಸಿದ್ದೆ! "ಅವರು ಬಿಡಿ, ಹೆಸರು ಮಾಡಿದವರು" ಅಂದ್ರು. ಹೆಸರು ಮಾಡೋ ತನಕ ವೇದಿಕೆ ಇಲ್ಲ, ವೇದಿಕೆ ಇಲ್ಲದೆ ಹೆಸರಾಗಲ್ಲ.

ಕಡಲಬದಿ

ಗಂಡಸರು ಮಾತ್ರ ಬರಬೇಕು ಅಂತ ಇದ್ದ ಕಡೆ ಡಿಲ್ಲರ್ ಏನು ಮಾಡಿದರು ಗೊತ್ತುಂಟಾ? ನ್ಯೂಯಾರ್ಕಿನಲ್ಲಿ ಫ್ರಯರ್ಸ್ ಕ್ಲಬ್ ಅಂತ ಹಾಸ್ಯಗಾರರ ಕೂಟ. ಒಬ್ಬ ದೊಡ್ಡ ಕಲಾವಿದನನ್ನು ಕೂರಿಸಿ ಎಲ್ಲರೂ ಅವನನ್ನು ಹಾಸ್ಯ ಮಾಡುವ ಊಟದ ಕಾರ್ಯಕ್ರಮಕ್ಕೆ ಹೆಂಗಸರಿಗೆ ಪ್ರವೇಶ ಇರಲಿಲ್ಲ. 1983ರಲ್ಲಿ, ಸಿಡ್ ಸೀಸರ್ ಅವರನ್ನು ಕೂರಿಸಿದ ದಿನ, ಡಿಲ್ಲರ್ ಗಂಡಸಿನ ವೇಷ ಹಾಕಿ, ಸೂಟು ತೊಟ್ಟು, ಒಳಗೆ ಹೋಗಿ ಕೂತು ಪೂರ್ತಿ ಕೇಳಿ ಬಂದರು. ಆಗ ಅವರಿಗೆ 66 ವರ್ಷ! ಅಷ್ಟು ಹೆಸರು, ಅಷ್ಟು ದುಡ್ಡು ಇದ್ದವರಿಗೂ ಬಾಗಿಲು ಹಾಕಿಯೇ ಇತ್ತು. ಇದು ನೆನಪಾದಾಗೆಲ್ಲ ನನಗೆ ಸಿಟ್ಟೂ ಬರ್ತದೆ, ಖುಷಿಯೂ ಆಗ್ತದೆ.

ಸಕ್ಕರೆನಾಡು

ಭಲೇ! ಪುರುಷ ವೇಷ ಹಾಕಿದ್ದು ಅಂದ್ರೆ ನಮ್ಮ ಕಂಪನಿ ನಾಟಕದ ಸ್ತ್ರೀ ಪಾತ್ರದ ಗಂಡಸರಿಗೆ ತಿರುಗಿಸಿ ಕೊಟ್ಟಂಗೆ ಆಯ್ತು.

ಜಯನಗರ_4ನೇ_ಬ್ಲಾಕ್

ಪಿಯಾನೋ ಏನಾಯ್ತು ಆಮೇಲೆ? ಕಲಿತದ್ದು ಹಾಳಾಯ್ತಾ?

ಕಾರ್ಡು_ಪೆನ್ನು

ಇಲ್ಲ ಇಲ್ಲ. 1970ರ ದಶಕದಲ್ಲಿ ಹತ್ತು ವರ್ಷ, ಸುಮಾರು ನೂರು ಸಿಂಫನಿ ವಾದ್ಯವೃಂದಗಳ ಜೊತೆ ಪಿಯಾನೋ ನುಡಿಸಿದರು. 'ಡೇಮ್ ಇಲ್ಯಾ ಡಿಲ್ಯಾ' ಅಂತ ತಮಾಷೆ ಹೆಸರು ಇಟ್ಕೊಂಡಿದ್ದರು, ಆದ್ರೆ ನುಡಿಸ್ತಿದ್ದದ್ದು ಬಾಕ್, ಬೀಥೋವನ್. ಮನೆಯಲ್ಲಿ ಐದು ಮಕ್ಕಳ ನಡುವೆ ಕೈಬಿಟ್ಟದ್ದನ್ನ ಐವತ್ತು ದಾಟಿದ ಮೇಲೆ ಮತ್ತೆ ದಿನಕ್ಕೆ ಗಂಟೆಗಟ್ಟಲೆ ಅಭ್ಯಾಸ ಮಾಡಿ ಹಿಡಿದದ್ದು. ವೇದಿಕೆಯಿಂದ ನಿವೃತ್ತಿ ಆದದ್ದು 2002ರಲ್ಲಿ, ಲಾಸ್ ವೇಗಸ್‌ನಲ್ಲಿ. ತೀರಿಕೊಂಡದ್ದು 2012ರ ಆಗಸ್ಟಲ್ಲಿ, 95 ವರ್ಷಕ್ಕೆ.

ಧಾರವಾಡ_ಫೇಡೆ

37ಕ್ಕ ಶುರು ಮಾಡಿ 84ರ ತನಕಾ. ಅಕ್ಕಾರ, ನಿಮಗಿನ್ನೂ 46 ವರ್ಷ ಅದಾವ್ರಿ.

ಹೇಮಾವತಿ_ದಂಡೆ

ಎರಡು ದಿನ ಕಾರ್ಡುಗಳ ಚಿತ್ರಗಳನ್ನೇ ನೋಡ್ತಾ ಕೂತಿದ್ದೆ, ಅದಕ್ಕೆ ಉತ್ತರ ಬರೆಯೋದು ತಡ ಆಯ್ತು.

ಮುಖದ ಜೋಕು ನಾನು ಮಾಡಲ್ಲ. ಮಲ್ಲಿಗೆಮೊಗ್ಗು ಅವರ ಮಗಳ ವಿಷಯ ಓದಿದ ಮೇಲೆ ಅದು ಸಾಧ್ಯವಿಲ್ಲ. ನನಗೂ ಏಳು ವರ್ಷದ ಮಗಳಿದ್ದಾಳೆ, ಮುಂದಿನ ಸಾಲಲ್ಲೇ ಕೂತ್ಕೋತಾಳೆ. ಆದ್ರೆ ಅಡುಗೆಮನೆ ಬಿಡಲ್ಲ. ಇಷ್ಟು ದಿನ 'ಅದೇ ಹೆಂಗಸರ ಮಾತು' ಅಂತಾರೆ ಅನ್ನೋ ಭಯಕ್ಕೆ ಆಫೀಸು, ವೀಸಾ, ಟ್ರಾಫಿಕ್ಕು ಅಂತ ಮಾಡ್ತಿದ್ದೆ. ಐವತ್ತು ಸಾವಿರ ಕಾರ್ಡು ತುಂಬೋ ಅಷ್ಟು ಮಾತು ಅಡುಗೆಮನೆಯಲ್ಲಿದೆ ಅಂತ ಒಬ್ಬರು ತೋರಿಸಿಕೊಟ್ಟ ಮೇಲೆ ನಾನ್ಯಾಕೆ ಹೆದರಲಿ?

ಆಯೋಜಕರಿಗೆ ನಿರೂಪಣೆ ಮಾಡಲ್ಲ ಅಂತ ಹೇಳಿಬಿಟ್ಟೆ. ಬೇಜಾರು ಮಾಡ್ಕೊಂಡರು. ಇಲ್ಲಿನ ನಾಲ್ಕೈದು ಮನೆಯವರು ಸೇರಿ ಒಬ್ಬರ ಬೇಸ್‌ಮೆಂಟಲ್ಲಿ ಜಾಗ ಕೊಡ್ತೀವಿ ಅಂದಿದ್ದಾರೆ. ನಲವತ್ತು ಕುರ್ಚಿ ಹಿಡಿಯತ್ತೆ, ಮುಂದಿನ ತಿಂಗಳು ಎರಡನೇ ಶನಿವಾರ.

ಕಡಲಬದಿ

ನೆಲಮಾಳಿಗೆ! ಅಕ್ಕ!!

ಸಕ್ಕರೆನಾಡು

ನನ್ ಆಲೆಮನೆ ನೊಣ ಉಚಿತವಾಗಿ ಬಳಸ್ಕಳಿ.

ಕಾರ್ಡು_ಪೆನ್ನು

ಉಚಿತ ಬೇಡ. ಕಾರ್ಡಿನ ಮೇಲೆ ಕೊಟ್ಟವರ ಹೆಸರು, ತಾರೀಖು ಬರೆದಿಡಿ. ವಿಷಯವಾರು ಇಡೋದಾದ್ರೆ ಈಗಿನಿಂದಲೇ ಅಕಾರಾದಿಯಲ್ಲಿ ಇಡಿ, ಸಾವಿರ ಆದ್ಮೇಲೆ ಜೋಡಿಸೋಕೆ ಆಗಲ್ಲ.

ಹೇಮಾವತಿ_ದಂಡೆ

ನಿನ್ನೆಯೇ ಡಬ್ಬ ತಂದೆ. ಅಜ್ಜಿ, ಅಡುಗೆಮನೆ, ಅತ್ತೆ ಮೂರೂ 'ಅ'ದಲ್ಲೇ ಬಂದು ಮೊದಲ ಖಾನೆ ಆಗಲೇ ತುಂಬಿದೆ. ಗಂಡನಿಗೆ 'ಗ' ತನಕ ಕಾಯಬೇಕು.